ಸರ್ವರ್ ಎದ್ದ ಮೇಲೆ ತಿಳಿಸ್ತೀವಿ

ಕೊಯಾಲಿಯಿಂದ ರಾಯರು: ನನ್ನ ಹಪ್ಪಳದ ವೆಬ್‌ಸೈಟ್ ಬೆಳಗ್ಗೆಯಿಂದ ಮಲಗಿಬಿಟ್ಟಿದೆಯಲ್ಲಪ್ಪ!

ಬೆಂಗಳೂರಿನ ಹೋಸ್ಟಿಂಗ್ ಹುಡುಗ: ಮೇಲ್ ಕಳಿಸಿದ್ದೀವಿ ಸಾರ್.

ರಾಯರು: ನನ್ನ ಮೇಲೂ ನಿಮ್ಮ ಸರ್ವರಲ್ಲೇ ಇರೋದು!

ಹುಡುಗ: ಸರ್ವರ್ ಎದ್ದ ತಕ್ಷಣ ತಲುಪುತ್ತೆ ಸಾರ್.

ರಾಯರು: ಫೋನಿಗೆ ಒಂದು ಮೆಸೇಜು?

ಹುಡುಗ: ನಿಮ್ಮ ನಂಬರು ಬಿಲ್ಲಿನವರ ಹತ್ರ ಇದೆ. ಅವರು ದುಡ್ಡು ಕೇಳೋಕೆ ಮಾತ್ರ ಕಳಿಸೋದು.

ರಾಯರು: ಸ್ಟೇಟಸ್ ಪುಟದಲ್ಲಿ ಎಲ್ಲಾ ಹಸಿರು!



ಹುಡುಗ: ಕೆಂಪು ಬಣ್ಣವೂ ಬಿದ್ದಿರೋ ಸರ್ವರಲ್ಲೇ ಸಿಕ್ಕಿಕೊಂಡಿದೆ ಸಾರ್. 2017ರ ಫೆಬ್ರವರಿಯಲ್ಲಿ ಅಮೆಜಾನ್‌ಗೂ ಹೀಗೇ ಆಗಿತ್ತು.

ರಾಯರು: ಅವರು ಟ್ವಿಟರ್‌ನಲ್ಲಾದರೂ ಬಾಯಿಬಿಟ್ಟರು! ನಮ್ಮೂರಲ್ಲಿ 1965ರ ರಿಫೈನರಿ ಇದೆ. ಅದರ ಸೈರನ್ ಕೂಗೋಕೆ ಪಾಸ್‌ವರ್ಡ್ ಕೇಳಲ್ಲ. ಹೋಗಲಿ, ಯಾವಾಗ ಸರಿಹೋಗುತ್ತೆ?

ಹುಡುಗ: ಶೀಘ್ರದಲ್ಲೇ.

ರಾಯರು: ಅಂದರೆ ಎಷ್ಟು ಗಂಟೆಗೆ?

ಹುಡುಗ: ಅದಕ್ಕೆ ಟಿಕೆಟ್ ಹಾಕಬೇಕು ಸಾರ್.

ರಾಯರು: ಎಲ್ಲಿ?

ಹುಡುಗ: ನಮ್ಮ ವೆಬ್‌ಸೈಟಿನಲ್ಲಿ.