ಹಿತ್ತಾಳೆ ಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ವಾಡಿಕೆ. ವಿಷಯ: ಅಮೆರಿಕದಲ್ಲಿ ಕಾರ್ಖಾನೆಯ ತೋಟಾ ಕೊಳ್ಳುವುದು ಅಗ್ಗವೋ, ಹಾರಿಸಿದ ಖಾಲಿ ತೋಟಾ ಹೆಕ್ಕಿ ತಂದು ಮನೆಯಲ್ಲೇ ಮರಳಿ ತುಂಬುವುದು ಅಗ್ಗವೋ. ಪ್ರಯೋಜನ: ಉಳಿತಾಯ. ಸಂಬಂಧ: ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಿರುವುದು. ಅಧಿಕಾರಿ: ನಾಲ್ಕಾಣೆ ಉಳಿಸಲು ನಾಲ್ಕು ಸಾವಿರ ಸುರಿಯುವ ಎದೆಗಾರ.

ತೋಟಾ ಚತುರ್ಭೂತಾತ್ಮಕ: ಹಿತ್ತಾಳೆಯ ಕೊಳವೆ, ಕೇಪು, ಮದ್ದು, ಗುಂಡು. ಕುದುರೆ ಎಳೆದೊಡನೆ ಕೇಪು ಸಿಡಿಯುತ್ತದೆ, ಮದ್ದು ಉರಿಯುತ್ತದೆ, ಗುಂಡು ಹೋಗುತ್ತದೆ, ಮೂರೂ ನಶ್ವರ. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಹಿತ್ತಾಳೆಯೊಂದೇ ಟಣ್ಣೆಂದು ಕಾಲಬುಡದಲ್ಲಿ ಬೀಳುತ್ತದೆ. ಈ ಶಾಸ್ತ್ರವೆಲ್ಲ ನಿಂತಿರುವುದು ಅದರ ಪುನರ್ಜನ್ಮದ ಮೇಲೆ. (ಪಾಯಿಂಟ್ 22 ತೋಟಾದ ಕೇಪಿನ ಮದ್ದು ಕೊಳವೆಯ ಅಂಚಿನೊಳಗೇ ಅಡಗಿರುವುದರಿಂದ ಅದಕ್ಕೆ ಪುನರ್ಜನ್ಮವಿಲ್ಲ, ನೇರ ಮೋಕ್ಷ.)

ಮನೆಯಲ್ಲಿ ತುಂಬುವುದೇ ಅಗ್ಗವೆನ್ನುವ ಪೂರ್ವಪಕ್ಷದವರ ಲೆಕ್ಕ 2020ಕ್ಕೆ ಮುಂಚಿನ ಧಾರಣೆಯದು. ಕಾರ್ಖಾನೆಯ 9 ಎಂ.ಎಂ. ತೋಟಾ ಸುಮಾರು 20 ಸೆಂಟ್. ಮನೆಯದಾದರೆ ಕೇಪಿಗೆ 3, ಗುಂಡಿಗೆ 8, ಮದ್ದಿಗೆ 2, ಒಟ್ಟು 13. ಮದ್ದು ಇಷ್ಟು ಅಗ್ಗವೇಕೆಂದರೆ, ಪೌಂಡಿಗೆ 7000 ಗ್ರೇನ್. ಪಿಸ್ತೂಲಿನ ತೋಟಾ ತಿನ್ನುವುದು 5 ಗ್ರೇನ್ ಆಸುಪಾಸು, ಅಕ್ಕಸಾಲಿಗರ ಮಾತಿನಲ್ಲಿ ಎರಡೂವರೆ ಗುಲಗಂಜಿಗೆ ತುಸು ಹೆಚ್ಚು. ಹಿತ್ತಾಳೆ ಪುಕ್ಕಟೆ, ಬಗ್ಗಿದ ಸೊಂಟಕ್ಕೆ ಬಾಡಿಗೆ ಹಿಡಿಯದಿದ್ದರೆ.

ಉಳಿದದ್ದು 7 ಸೆಂಟ್. ಜಯ ಜಯ!

ಉತ್ತರಪಕ್ಷ ಶುರುವಾಗುವುದು ಸರಂಜಾಮಿನಿಂದ. ಪ್ರೆಸ್ಸು, ಅಚ್ಚು, ತಕ್ಕಡಿ, ಹಿತ್ತಾಳೆ ಬೆಳಗುವ ಯಂತ್ರ ಸೇರಿ 500 ಡಾಲರ್ ಎಂದಿಟ್ಟುಕೊಂಡರೆ, ಅಸಲು ಹುಟ್ಟಲು ಏಳು ಸಾವಿರಕ್ಕೂ ಮೀರಿ ತೋಟಾ ತುಂಬಬೇಕು. ಬೆಳಗುವ ಯಂತ್ರವಂತೂ ವಾಲ್‌ನಟ್ ಚಿಪ್ಪಿನ ತರಿಯಲ್ಲಿ ಕೊಳವೆಗಳನ್ನು ಗಂಟೆಗಟ್ಟಲೆ ಗರಗರ ಆಡಿಸುತ್ತದೆ. ನಮ್ಮಲ್ಲಾದರೆ ಒಂದು ಹಿಡಿ ಹುಣಸೆಹಣ್ಣಿನ ಕೆಲಸ. ಒಂದೊಂದೇ ತೋಟಾ ಒತ್ತುವ ಪ್ರೆಸ್ಸಿನಲ್ಲಿ ಗಂಟೆಗೆ 60 ತುಂಬಿದರೆ ಗಳಿಕೆ 4 ಡಾಲರ್ 20 ಸೆಂಟ್. ಆ ದೇಶದ ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಅಂದಮೇಲೆ ಈತ ತನ್ನನ್ನೇ ಅರೆಕೂಲಿಗೆ ದುಡಿಸಿಕೊಳ್ಳುವ ಧಣಿ. ದೂರು ಕೊಡಬೇಕಾದವನೂ ಅವನೇ.

ಪಾಯಿಂಟ್ 308ರಂಥ ರೈಫಲಿನಲ್ಲಿ ಮಾತ್ರ ಪೂರ್ವಪಕ್ಷಕ್ಕೇ ಗೆಲುವು. ಗುರಿಸ್ಪರ್ಧೆಯ ಕಾರ್ಖಾನೆ ತೋಟಾ ಒಂದಕ್ಕೆ ಡಾಲರು ದಾಟುತ್ತದೆ. ಮನೆಯದು ಹೆಚ್ಚುಕಡಿಮೆ ಅರ್ಧಕ್ಕೆ ಸಿಗುತ್ತದೆ, ತನ್ನ ಕೋವಿಗೆ ಹೇಳಿಮಾಡಿಸಿದಂತೆಯೂ ಇರುತ್ತದೆ. ಇದನ್ನು ಅಣಕಿಸಲು ಬರುವುದಿಲ್ಲ.

ಆದರೆ ಉಳಿದ ಸೆಂಟು ಜೇಬಿನಲ್ಲಿ ಕೂರುತ್ತದೆಯೇ? ತಿಂಗಳಿಗೆ 200 ಹಾರಿಸುತ್ತಿದ್ದವನ ಖರ್ಚು 40 ಡಾಲರ್ ಇತ್ತು. ‘ಹೇಗೂ ಅಗ್ಗ’ವೆಂದು ಈಗ 400 ಹಾರಿಸುತ್ತಾನೆ, ಖರ್ಚು 52. ತೋಟಾ ಒಂದಕ್ಕೆ 7 ಸೆಂಟ್ ಉಳಿಸಿ ತಿಂಗಳಿಗೆ 12 ಡಾಲರ್ ಕಳೆಯುವ ಈ ವಿದ್ಯೆಗೆ ಮಲೆನಾಡಿನ ಕೇಪಿನ ಕೋವಿಯವನು ನಗುತ್ತಾನೆ. ಅವನು ಪ್ರತಿ ಈಡಿಗೂ ಮದ್ದು, ಚರೆ ಹಾಕಿ ಗಜದಿಂದ ಜಡಿಯುತ್ತಿದ್ದವನು. ಅದನ್ನು ಉಳಿತಾಯವೆಂದು ಕರೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

2020ರಲ್ಲಿ ಪಿಡುಗು ಬಂದಾಗ ಅಂಗಡಿಗಳಿಂದ ಕೇಪು ಮಾಯವಾಯಿತು. ಹಿತ್ತಾಳೆ ಮೂಟೆಗಟ್ಟಲೆ, ಮದ್ದು ಡಬ್ಬಿಗಟ್ಟಲೆ ಇದ್ದವರೂ ಮೆಣಸಿನ ಕಾಳಿನಷ್ಟು ವಸ್ತುವಿಗಾಗಿ ಕೈಕಟ್ಟಿ ಕೂತರು.

ಕೇಪಿನಲ್ಲೂ ದ್ವೈತವಿದೆ. ಇಂಗ್ಲಿಷಿನವನಾದ ಬಾಕ್ಸರ್ ರೂಪಿಸಿದ ಕೇಪು ಅಮೆರಿಕದ ಪಾಲಾಯಿತು, ಅಮೆರಿಕದ ಬರ್ಡನ್ ರೂಪಿಸಿದ್ದು ಯುರೋಪಿನ ಪಾಲಾಯಿತು. ಬಾಕ್ಸರ್ ಕೊಳವೆಯ ತಳದಲ್ಲಿ ನಡುವೆ ಒಂದೇ ತೂತು. ಸುಟ್ಟ ಕೇಪನ್ನು ಅಚ್ಚಿನ ಸೂಜಿ ಅದರ ಮೂಲಕ ಸಲೀಸಾಗಿ ಹೊರತಳ್ಳುತ್ತದೆ. ಬರ್ಡನ್‌ನಲ್ಲಿ ಸಾಮಾನ್ಯವಾಗಿ ಪಕ್ಕಕ್ಕೆ ಎರಡು ತೂತು. ಹೆಕ್ಕಿದ ರಾಶಿಯಲ್ಲಿ ಅಂಥದ್ದೊಂದು ನುಸುಳಿದರೆ ಸೂಜಿ ಗಟ್ಟಿ ಲೋಹಕ್ಕೆ ಬಡಿದು ಲಟಕ್ಕನೆ ಮುರಿಯುತ್ತದೆ.

ಸೂಜಿಯ ಬೆಲೆ ಚಿಲ್ಲರೆ. ತರಿಸುವಾಗ ಜೊತೆಗೆ ಕೇಪೂ ಇರಲಿ ಅನ್ನಿಸುತ್ತದೆ. ಕೇಪಿಗೆ ಅಪಾಯಕಾರಿ ಸರಕೆಂದು ಪ್ರತ್ಯೇಕ ಸಾಗಣೆ ಶುಲ್ಕ; ನೂರು ತರಿಸಿದರೂ ಅಷ್ಟೇ, ಸಾವಿರ ತರಿಸಿದರೂ ಅಷ್ಟೇ. ಶುಲ್ಕ ದಂಡವಾಗಬಾರದೆಂದು ಆತ ಐದು ಸಾವಿರ ಕೇಪು ಬರೆಸುತ್ತಾನೆ. ಸೂಜಿ ಎರಡು.