ಮೈಲಾರಿಯ ಮೊದಲ ಕಾರ್ಡು

ಕ್ರೆಡಿಟ್ ಕಾರ್ಡು ಇರುವುದೇ ಕೈ ಬಿಗಿಹಿಡಿಯಲು ಬಾರದವರಿಗೆ ಎಂಬ ಹಿರಿಯರ ನಂಬಿಕೆ ಈಚೆಗೆ ಪೂರ್ತಿ ಸುಳ್ಳಾಗಿದೆ. ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನಿನಲ್ಲಿ, ಪಿ.ಜಿ.ಗಳ ತಾರಸಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈಗ ಸಿಗುವ ಕಾರ್ಡುಪ್ರಿಯ ಬೇರೆಯದೇ ತಳಿ. ಆಟೋದವನು ಐದು ರೂಪಾಯಿ ಚಿಲ್ಲರೆ ಇಲ್ಲ ಅಂದರೆ ಇವನು ಇಳಿಯುವುದಿಲ್ಲ. ಮೂರು ಆ್ಯಪ್‌ಗಳಲ್ಲಿ ಬೆಲೆ ನೋಡದೆ ಅರ್ಧ ಕಿಲೋ ಈರುಳ್ಳಿ ತರಿಸುವುದಿಲ್ಲ. ಇವನನ್ನು ಮೈಲಾರಿ ಎಂದು ಕರೆಯೋಣ. ಊರು ಶಿವಮೊಗ್ಗ, ವಯಸ್ಸು ಇಪ್ಪತ್ತಾರು, ತಲೆಯ ಮೇಲೆ ಬಿಡಿಗಾಸಿನ ಸಾಲವಿಲ್ಲ. ಹೀಗಿರುವ ಮೈಲಾರಿಗೆ ಮೊದಲ ಕ್ರೆಡಿಟ್ ಕಾರ್ಡು ಬೇಕಾಗಿರುವುದು ಸಾಲಕ್ಕಲ್ಲ, ವಿಮಾನಕ್ಕೆ. ಕಾರ್ಡು ಉಜ್ಜಿ ಉಜ್ಜಿ ಮೈಲು ಕೂಡಿಸಿ, ಒಂದು ದಿನ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಪ್ಯಾರಿಸ್ಸಿಗೆ ಹೋಗುವುದು, ಅದೂ ಪುಕ್ಕಟೆ. ಇವನನ್ನು ದುಂದುಗಾರ ಎನ್ನುವವರು ಮನುಷ್ಯನನ್ನು ಸರಿಯಾಗಿ ನೋಡಿಲ್ಲ. ಇವನು ಅಪ್ಪಟ ಜಿಪುಣ. ಮೈಲು, ಪಾಯಿಂಟು, ಬೋನಸ್ಸು ಎಂಬ ಈ ಏರ್ಪಾಡು ಹುಟ್ಟಿರುವುದೇ ಜಿಪುಣನ ಕೈಯಿಂದ ಖರ್ಚು ಮಾಡಿಸಲಿಕ್ಕೆ ಎಂಬುದು ನನ್ನ ವಾದ. ದುಂದುಗಾರನಿಗೆ ಯಾವ ಆಮಿಷವೂ ಬೇಕಾಗಿಲ್ಲ, ಅವನು ತಾನಾಗಿಯೇ ಖರ್ಚು ಮಾಡುತ್ತಾನೆ.

ಮೈಲಾರಿಯ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟಿದೆ. ಅಡ್ಡಸಾಲಿನಲ್ಲಿ ಕಾರ್ಡುಗಳ ಹೆಸರು, ಕಂಬಸಾಲಿನಲ್ಲಿ ಜಾಯಿನಿಂಗ್ ಫೀ, ಆನ್ಯುವಲ್ ಫೀ, ಮೈಲ್‌ಸ್ಟೋನ್ ಬೆನಿಫಿಟ್, ಟ್ರಾನ್ಸ್‌ಫರ್ ರೇಶಿಯೋ, ಫೋರೆಕ್ಸ್ ಮಾರ್ಕಪ್. ಯಾವ ಕಾರ್ಡಿನಲ್ಲಿ ವಿದೇಶದ ಖರ್ಚಿಗೆ ಮೂರೂವರೆ ಪರ್ಸೆಂಟ್ ಕೀಳುತ್ತಾರೆ, ಯಾವುದರಲ್ಲಿ ಎರಡು ಎಂಬುದು ಇವನಿಗೆ ಬಾಯಿಪಾಠ. ಪಾಸ್‌ಪೋರ್ಟಿಗೆ ಮಾತ್ರ ಇನ್ನೂ ಅರ್ಜಿ ಹಾಕಿಲ್ಲ. ಹೆಂಡತಿಯಾಗುವವಳ ಕಡೆಯವರ ಬಗ್ಗೆಯೂ ಇಷ್ಟು ವಿಚಾರಿಸದವನು ಲೋಹದ ಕಾರ್ಡು ಎಷ್ಟು ಗ್ರಾಂ ತೂಗುತ್ತದೆ ಎಂದು ತಿಳಿದುಕೊಂಡಿರುತ್ತಾನೆ. ಇದರಲ್ಲಿ ಒಂದು ತಮಾಷೆಯಿದೆ. ಸಾಲವನ್ನೇ ಮಾಡದೆ ಮೊದಲ ಕಾರ್ಡು ಕೇಳುವವನಿಗೆ ಸಿಬಿಲ್ ಸ್ಕೋರೇ ಇರುವುದಿಲ್ಲ. 300ರಿಂದ 900ರವರೆಗಿನ ಆ ಅಂಕ ಹುಟ್ಟುವುದು ಸಾಲ ತೆಗೆದುಕೊಂಡು ತೀರಿಸತೊಡಗಿದ ಮೇಲೆ. ಹಾಗಾಗಿ ಶೀಟಿನ ಮೇಲ್ಸಾಲಿನ ಕಾರ್ಡುಗಳು ಇವನಿಗೆ ಸಿಗುವಂಥವಲ್ಲ. ಕೇಳಿ ಕೇಳಿ ಬೇಡವೆನಿಸಿಕೊಂಡರೆ ಒಂದೊಂದು ಅರ್ಜಿಯೂ ದಾಖಲೆಯಲ್ಲಿ ಎನ್‌ಕ್ವಯರಿ ಎಂದು ಕೂರುತ್ತದೆ. ಕೊನೆಗೆ ಇವನ ಕೈಗೆ ಬರುವುದು ಒಂದೋ ಸಂಬಳದ ಖಾತೆಯಿರುವ ಬ್ಯಾಂಕು ತಾನಾಗಿ ಕೊಟ್ಟ ಪ್ರೀ-ಅಪ್ರೂವ್ಡ್ ಕಾರ್ಡು, ಇಲ್ಲವೇ ಎಫ್‌ಡಿ ಇಟ್ಟು ಅದರ ಮೇಲೆ ತೆಗೆದುಕೊಂಡ ಕಾರ್ಡು. ಶೀಟು ಹಾಕಿದ್ದು ಇವನು, ಆಯ್ಕೆ ಮಾಡಿದ್ದು ಬ್ಯಾಂಕು.

ಈ ಮೈಲು ಎಂಬುದು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೋಡಬೇಕು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆ ತಂದಾಗ ಅದರ ಲೆಕ್ಕ ಸರಳವಾಗಿತ್ತು: ಪದೇ ಪದೇ ಹಾರುವವನಿಗೆ ಖಾಲಿ ಉಳಿಯುವ ಸೀಟೊಂದನ್ನು ಉಡುಗೊರೆ ಕೊಡುವುದು. 1987ರಲ್ಲಿ ಅದೇ ಕಂಪನಿ ಸಿಟಿಬ್ಯಾಂಕ್ ಜೊತೆ ಸೇರಿ ಕಾರ್ಡು ತಂದ ಮೇಲೆ ಲೆಕ್ಕ ತಿರುಗಿತು. ಮೈಲು ಗಳಿಸಲು ವಿಮಾನ ಹತ್ತಬೇಕಾಗಿಲ್ಲ, ದಿನಸಿ ಕೊಂಡರೆ ಸಾಕು. ವಿಮಾನ ಕಂಪನಿ ಮೈಲನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ಅದನ್ನು ಗ್ರಾಹಕನಿಗೆ ಹಂಚುತ್ತದೆ. ಈ ವ್ಯಾಪಾರ ಎಷ್ಟು ದೊಡ್ಡದು ಎಂಬುದು ಕೊರೊನಾ ಕಾಲದಲ್ಲಿ ಬಯಲಾಯಿತು. ವಿಮಾನಗಳೆಲ್ಲ ನೆಲ ಕಚ್ಚಿದ್ದ 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು; ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಅದೇ ರೀತಿ 1,000 ಕೋಟಿ ಡಾಲರ್ ಎತ್ತಿತು. ಆ ಸಾಲವನ್ನು ಹಾರದ ವಿಮಾನ ನಂಬಿ ಕೊಡಲಿಲ್ಲ; ಮೈಲು ಕೂಡಿಹಾಕುವ ಜನ ಕೂಡಿಹಾಕುತ್ತಲೇ ಇರುತ್ತಾರೆ ಎಂಬ ನಂಬಿಕೆಗೆ ಕೊಟ್ಟರು. ಆ ನಂಬಿಕೆಯ ನಮ್ಮೂರಿನ ಪ್ರತಿನಿಧಿಯೇ ಮೈಲಾರಿ.

ಇವನ ಲೆಕ್ಕವನ್ನೇ ಇವನ ಮುಂದಿಟ್ಟು ನೋಡೋಣ. ತಿಂಗಳಿಗೆ ಮನೆ ಬಾಡಿಗೆ ಬಿಟ್ಟು 25,000 ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಬಾಡಿಗೆಯನ್ನೂ ಕಾರ್ಡಿನಲ್ಲೇ ಕಟ್ಟುವ ಅವಕಾಶ ಸಿಕ್ಕರೂ, ಅದಕ್ಕೆ ಹಲವು ಬ್ಯಾಂಕುಗಳು ಒಂದು ಪರ್ಸೆಂಟ್ ಫೀ ಹಾಕುತ್ತವೆ, ಪಾಯಿಂಟನ್ನಂತೂ ಹೆಚ್ಚಿನವು ಕೊಡುವುದಿಲ್ಲ. ಪೆಟ್ರೋಲು, ವ್ಯಾಲೆಟ್ಟುಗಳದ್ದೂ ಬಹುಮಟ್ಟಿಗೆ ಇದೇ ಕತೆ. ವರ್ಷಕ್ಕೆ ಮೂರು ಲಕ್ಷವಾಯಿತು. ನೂರಕ್ಕೆ ಎರಡು ಮೈಲು ಕೊಡುವ ಕಾರ್ಡಾದರೆ 6,000 ಮೈಲು. ಮೈಲಾರಿ ಒಂದು ಮೈಲಿಗೆ ಒಂದು ರೂಪಾಯಿ ಬೆಲೆ ಕಟ್ಟುತ್ತಾನೆ, ಅದು ಬೇಕಾದ ದಿನ ಬೇಕಾದ ಸೀಟು ಸಿಕ್ಕಾಗಿನ ಬೆಲೆ. ಕಾರ್ಡಿನ ವಾರ್ಷಿಕ ಶುಲ್ಕ 5,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 900. ನಿವ್ವಳ ಲಾಭ ನೂರು ರೂಪಾಯಿ. ಪುಕ್ಕಟೆ ಟಿಕೆಟ್ಟಿಗೂ ತೆರಿಗೆ ಮತ್ತು ಶುಲ್ಕಗಳನ್ನು ಕೈಯಿಂದಲೇ ಕಟ್ಟಬೇಕು ಎಂಬುದನ್ನು ಈ ನೂರರಲ್ಲಿ ಹಿಡಿದಿಲ್ಲ. ಮೈಲಿನ ಬೆಲೆ ಐವತ್ತು ಪೈಸೆಗೆ ಇಳಿಯಿತೋ, 2,900 ನಷ್ಟ. ಇನ್ನು ಚಿಕ್ಕಪೇಟೆಗೆ ಹೋಗಿ ತಂಗಿಯ ಮದುವೆಗೆ ಇಪ್ಪತ್ತು ಸಾವಿರದ ಸೀರೆ ಆರಿಸಿದನೆನ್ನಿ. ಗಲ್ಲಾಪೆಟ್ಟಿಗೆಯವರು ಕಾರ್ಡು ನೋಡಿದ ಕೂಡಲೇ, ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗತ್ತೆ ಸಾರ್, ಫೋನ್‌ಪೇ ಮಾಡ್ಬಿಡಿ’ ಎನ್ನುತ್ತಾರೆ. ಯುಪಿಐಗೆ 2020ರಿಂದ ಅಂಗಡಿಯವರ ಮೇಲೆ ಶುಲ್ಕವಿಲ್ಲ, ಕಾರ್ಡಿಗೆ ಇದೆ; ಅವರು ಅದನ್ನು ಗಿರಾಕಿಯ ಮೇಲೆ ಹಾಕುತ್ತಾರೆ. ಐದು ರೂಪಾಯಿ ಚಿಲ್ಲರೆ ಬಿಡದ ಮೈಲಾರಿ ಇಲ್ಲಿ ನಾನೂರು ರೂಪಾಯಿ ಕೊಟ್ಟು ನಾನೂರು ಮೈಲು ಕೊಂಡು, ಗೆದ್ದವನ ಮುಖ ಮಾಡಿಕೊಂಡು ಮೆಟ್ಟಿಲಿಳಿಯುತ್ತಾನೆ.

ನೂರು ರೂಪಾಯಿಗೆ ಇಷ್ಟು ಗದ್ದಲವೇಕೆ, ಅವನ ಪಾಡಿಗೆ ಆಡಿಕೊಳ್ಳಲಿ ಬಿಡಿ ಎನ್ನಬಹುದು. ಆಟ ಅಷ್ಟಕ್ಕೇ ನಿಲ್ಲುವುದಿಲ್ಲ ಎನ್ನುವುದೇ ತೊಡಕು. ಕಾರ್ಡು ಬಂದ ಮೂರು ತಿಂಗಳೊಳಗೆ ಇಂತಿಷ್ಟು ಖರ್ಚು ಮಾಡಿದರೆ ಬೋನಸ್ ಮೈಲು ಎಂಬ ಷರತ್ತು ಇರುತ್ತದೆ. ಗಡುವು ಹತ್ತಿರ ಬಂತು, ಮೊತ್ತ ತುಂಬಿಲ್ಲ. ಆಗ ಶಿವಮೊಗ್ಗಕ್ಕೆ ಫೋನು ಹೋಗುತ್ತದೆ.

‘ಅಮ್ಮಾ, ನಿಂಗೊಂದು ಹೊಸ ಫ್ರಿಜ್ ಕಳಿಸ್ತಾ ಇದೀನಿ.’

‘ಇರೋದಕ್ಕೇನಾಗಿದೆಯೋ? ಹೋದ ವರ್ಷ ಗ್ಯಾಸ್ ತುಂಬಿಸಿದ್ದು, ಚೆನ್ನಾಗೇ ಇದೆ.’

‘ಅದಲ್ಲ ಕಣಮ್ಮ, ಮೂವತ್ತನೇ ತಾರೀಕಿನೊಳಗೆ ಇನ್ನೂ ಮೂವತ್ತೆರಡು ಸಾವಿರ ಖರ್ಚು ಮಾಡ್ಲೇಬೇಕು.’

‘ಯಾರು ಹಾಗಂದಿದ್ದು?’

ಈ ಪ್ರಶ್ನೆಗೆ ಎಕ್ಸೆಲ್ ಶೀಟಿನಲ್ಲಿ ಕಂಬಸಾಲಿಲ್ಲ. ಕಾರ್ಡು ಕೈಯಲ್ಲಿದ್ದರೆ ಬೆಲೆಯ ಅರಿವೇ ಸಡಿಲವಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯವೂ ಇದೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ಹರಾಜು ಹಾಕಿದರು. ಕಾರ್ಡಿನಲ್ಲಿ ಕೊಡಬೇಕಾದವರು ಮುಂದಿಟ್ಟ ಬೆಲೆ ನಗದು ಕೊಡಬೇಕಾದವರದ್ದಕ್ಕಿಂತ ಸರಾಸರಿ ದುಪ್ಪಟ್ಟು. ಅವರೂ ಲೆಕ್ಕ ಕಲಿಯುತ್ತಿದ್ದವರೇ. ಇಂದಿರಾನಗರದ ಹೋಟೆಲಿನಲ್ಲಿ ಎಂಟು ಜನ ಉಂಡು ಬಿಲ್ಲು 9,600 ಆದಾಗ ಅದರ ಮೇಲೆ ಮೊದಲು ಬೀಳುವ ಕೈ ಮೈಲಾರಿಯದು: ‘ಬಿಡ್ರೋ, ನಾನ್ ಕೊಡ್ತೀನಿ.’ ಎಂಥ ದೊಡ್ಡ ಮನಸ್ಸು ಎಂದುಕೊಳ್ಳುವಷ್ಟರಲ್ಲಿ ತಲೆಗೆ 1,200 ಎಂದು ಎಲ್ಲರ ಫೋನಿಗೂ ಹಂಚಿಕೆ ಬಂದಿರುತ್ತದೆ. ಇವನಿಗೆ ದಕ್ಕಿದ್ದು 192 ಮೈಲು. ‘ಆಮೇಲ್ ಹಾಕ್ತೀನಿ ಮಗಾ’ ಎಂದ ಒಬ್ಬನೇ ಒಬ್ಬ ಗೆಳೆಯ ಸಾಕು, ಆ ತಿಂಗಳ ಮೈಲೆಲ್ಲ ತೊಳೆದುಹೋಗಲು.

ಬಿಸಿನೆಸ್ ಕ್ಲಾಸಿನಲ್ಲಿ ನಿಜವಾಗಿಯೂ ಹೋಗಿಬಂದವರು ಇದ್ದಾರಲ್ಲ ಎಂಬುದು ಮೈಲಾರಿಯ ದೊಡ್ಡ ಆಕ್ಷೇಪ, ಅದನ್ನು ತಳ್ಳಿಹಾಕುವಂತಿಲ್ಲ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ ಒಂದು ಕಾಲಕ್ಕೆ ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿದವರಿಗೆ 25,000 ಪಾಯಿಂಟು ಬೋನಸ್ ಇತ್ತು. ಐದು ಪಾಯಿಂಟಿಗೆ ನಾಲ್ಕು ಮೈಲಿನಂತೆ ಅದು 20,000 ಮೈಲು. ಆಗ ಅದನ್ನು ಹಿಡಿದವರು ಹಾರಿದರು, ಸುಳ್ಳಲ್ಲ. 2023ರ ಸೆಪ್ಟೆಂಬರ್ 1ರಿಂದ ಬೋನಸ್ ಹೋಯಿತು, ಐದಕ್ಕೆ ನಾಲ್ಕಿದ್ದದ್ದು ಐದಕ್ಕೆ ಎರಡಾಯಿತು, ವಾರ್ಷಿಕ ಶುಲ್ಕ 10,000ದಿಂದ 12,500ಕ್ಕೆ ಏರಿತು. ಮೈಲು ಎಂಬ ನಾಣ್ಯವನ್ನು ಟಂಕಿಸುವವನೂ ಅದರ ಬೆಲೆ ನಿಗದಿ ಮಾಡುವವನೂ ಒಬ್ಬನೇ. ಪಂಕ್ತಿ ಉದ್ದವಾದಷ್ಟೂ ಸಾರಿಗೆ ನೀರು ಸುರಿಯುವ ಅಡುಗೆಯವನ ಹಾಗೆ. ಮೊದಲ ಪಂಕ್ತಿಯಲ್ಲಿ ಉಂಡವರ ವರ್ಣನೆ ಕೇಳಿ ಮೂರನೆಯ ಪಂಕ್ತಿಗೆ ಎಲೆ ಹಾಕಿಸಿಕೊಳ್ಳುವವನು ಮೈಲಾರಿ. ಕೂಡಿಟ್ಟ ಮೈಲು ಬಾಳಿಕೆ ಬರುತ್ತದೆಂಬ ಖಾತರಿಯೂ ಇಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಯೋಜನೆಯ ಮೈಲುಗಳೂ ಮುಳುಗಿದವು. ಜೆಟ್ ಏರ್‌ವೇಸಿನದು ಇನ್ನೂ ವಿಚಿತ್ರ: 2019ರ ಏಪ್ರಿಲಿನಲ್ಲಿ ವಿಮಾನಗಳು ನಿಂತವು, ಪಾಯಿಂಟಿನ ಕಂಪನಿ ಮಾತ್ರ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಬದುಕಿತು. ಮೈಲಿಗೆ ವಿಮಾನ ಬೇಕೇಬೇಕೆಂದೇನೂ ಇಲ್ಲ ಎಂದು ಅದು ತೋರಿಸಿಕೊಟ್ಟಿತು. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಲೀನವಾದಾಗ ಪಾಯಿಂಟುಗಳೇನೋ ಹೊಸ ಖಾತೆಗೆ ಬಂದವು, ವಿಸ್ತಾರದ ಹೆಸರು ನೋಡಿ ಕಾರ್ಡು ಆರಿಸಿದವರ ಕೈಯಲ್ಲಿ ಇಲ್ಲದ ವಿಮಾನದ ಕಾರ್ಡು ಉಳಿಯಿತು. ಅಷ್ಟಕ್ಕೂ ಜನರನ್ನು ಅಗ್ಗದಲ್ಲಿ ಹಾರಿಸುವ ನೇರ ದಾರಿ ಮೈಲಲ್ಲ, ಟಿಕೆಟ್ಟನ್ನೇ ಅಗ್ಗ ಮಾಡುವುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಮಾಡಿದ್ದು ಅದನ್ನೇ. ಆ ಕಂಪನಿ ಕೊನೆಗೆ ಸೇರಿದ್ದು ಕಿಂಗ್‌ಫಿಷರಿಗೆ ಎಂಬುದು ಬೇರೆ ಮಾತು.

ನಾನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ, ಬಡ್ಡಿಯ ಮಾತೇ ಬರುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಗಟ್ಟಿಯಾದ ಮಾತು, ಮತ್ತು ಮೈಲಾರಿ ಸುಳ್ಳು ಹೇಳುವವನಲ್ಲ. ಆದರೆ ಈ ಆಟದಲ್ಲಿ ಒಂದು ತಿಂಗಳೂ ಎಡವುವಂತಿಲ್ಲ ಎಂಬುದನ್ನೂ ಅವನು ಒಪ್ಪಬೇಕು. ತಿಂಗಳಿಗೆ 3.75 ಪರ್ಸೆಂಟ್, ಅಂದರೆ ವರ್ಷಕ್ಕೆ 45, ನಮ್ಮಲ್ಲಿ ಕಾರ್ಡುಗಳ ಮಾಮೂಲಿ ಬಡ್ಡಿ. ವರ್ಷಕ್ಕೆ 30ರ ಮೇಲೆ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಮಾಡಿತು. ಮಿನಿಮಮ್ ಡ್ಯೂ ಎಂಬ ಪುಟ್ಟ ಅಂಕಿಯನ್ನು ನಂಬಿ ಒಂದು ತಿಂಗಳು 25,000 ಬಾಕಿ ಬಿಟ್ಟರೆ ಬಡ್ಡಿ, ಅದರ ಮೇಲಿನ ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 1,100 ರೂಪಾಯಿ. ಆ ತಿಂಗಳು ಗಳಿಸಿದ್ದು 500 ಮೈಲು. ಮೇಲಾಗಿ ಬಾಕಿ ಉಳಿದಿರುವಷ್ಟು ದಿನ ಹೊಸ ಖರ್ಚಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ಸಿಬಿಲ್ ಸ್ಕೋರ್ ಬೆಳೆಯುತ್ತದಲ್ಲ, ನಾಳೆ ಮನೆ ಸಾಲಕ್ಕೆ ಬೇಕಾಗುತ್ತದಲ್ಲ ಎಂದರೆ, ಖಂಡಿತ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಕಟ್ಟುವ ಅಭ್ಯಾಸ. ಕಾರ್ಡಿನ ಮೇಲೆ ರೆಕ್ಕೆಯ ಚಿತ್ರವಿದೆಯೋ ಇಲ್ಲವೋ ಎಂದು ಸಿಬಿಲ್ ಕೇಳುವುದಿಲ್ಲ.

ಉಳಿದದ್ದು ವಿಮಾನ ನಿಲ್ದಾಣದ ಲೌಂಜು. ಮೈಲಾರಿಯ ಸ್ವರ್ಗ ಪ್ಯಾರಿಸ್ಸಿನಲ್ಲಿಲ್ಲ, ದೇವನಹಳ್ಳಿಯಲ್ಲಿದೆ. ಎರಡು ರೂಪಾಯಿಗೆ ಕಾರ್ಡು ಉಜ್ಜಿ ಒಳಗೆ ಹೋಗಿ ಹೊಟ್ಟೆ ತುಂಬ ಇಡ್ಲಿ ತಿಂದೆ ಎಂಬ ಸಂತೋಷಕ್ಕೆ ಮೂರು ಗಂಟೆ ಮೊದಲೇ ಹೊರಡುತ್ತಾನೆ. ಹೋಗುವ ಟ್ಯಾಕ್ಸಿಗೆ ಕೊಟ್ಟ ಸಾವಿರ ರೂಪಾಯಿ ಲೆಕ್ಕಕ್ಕಿಲ್ಲ. ಅಲ್ಲಿ ನೋಡಿದರೆ ಅದೇ ಲೆಕ್ಕ ಹಾಕಿ ಬಂದ ನೂರಾರು ಮೈಲಾರಿಗಳು ಬಾಗಿಲಾಚೆವರೆಗೆ ಸಾಲು ನಿಂತಿದ್ದಾರೆ. ಈಗೀಗ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಮಾತ್ರ ಪ್ರವೇಶ ಎಂದು ಹಲವು ಬ್ಯಾಂಕುಗಳು ಷರತ್ತು ಹಾಕಿವೆ. ಆ ಇಡ್ಲಿಗಾಗಿ ಇನ್ನೊಂದು ಫ್ರಿಜ್ ಹೊರಟರೂ ಆಶ್ಚರ್ಯವಿಲ್ಲ.

ಹಾಗಾದರೆ ಮೊದಲ ಕಾರ್ಡಾಗಿ ಏನು ತೆಗೆದುಕೊಳ್ಳಬೇಕು? ವಾರ್ಷಿಕ ಶುಲ್ಕವೇ ಇಲ್ಲದ, ಒಂದು ಪರ್ಸೆಂಟ್ ಕ್ಯಾಶ್‌ಬ್ಯಾಕನ್ನು ನೇರವಾಗಿ ಬಿಲ್ಲಿನಲ್ಲಿ ಕಳೆಯುವ ಸಪ್ಪೆ ಕಾರ್ಡೊಂದನ್ನು ಹಿಡಿದು, ಪೂರ್ತಿ ಮೊತ್ತಕ್ಕೆ ಆಟೋಪೇ ಹಾಕಿ ಮರೆತುಬಿಡಬಹುದು. ಅದೇ ಮೂರು ಲಕ್ಷದ ಖರ್ಚಿಗೆ ವರ್ಷಕ್ಕೆ ಮೂರು ಸಾವಿರ ಉಳಿಯುತ್ತದೆ. ಮೂರು ಸಾವಿರದಲ್ಲಿ ಎಲ್ಲಿಗೆ ಹಾರುವುದು ಎಂದು ಮೈಲಾರಿ ಮೂಗು ಮುರಿಯುತ್ತಾನೆ. ಯಾಕೆ, 2023ರಿಂದ ಶಿವಮೊಗ್ಗಕ್ಕೇ ವಿಮಾನವಿದೆ, ಮುಂಚೆಯೇ ಬುಕ್ ಮಾಡಿದರೆ ಹೋಗುವ ಟಿಕೆಟ್ಟಾದರೂ ಬಂದೀತು, ಅಮ್ಮನನ್ನು ನೋಡಿಕೊಂಡು ಬರಬಹುದು ಎಂದರೆ ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳುತ್ತಾನೆ: ‘ಅದು ಪುಟ್ಟ ಎಟಿಆರ್ ವಿಮಾನ ಅಲ್ವಾ ಸಾರ್, ಅದ್ರಲ್ಲಿ ಬಿಸಿನೆಸ್ ಕ್ಲಾಸೇ ಇಲ್ಲ.’