ತಾರೀಖಿಲ್ಲದ ಬ್ಯಾಡ್ಜು

ಸ್ಕೌಟು ನಿಯಮಗಳು ಒಂಬತ್ತು. ಮೊದಲನೆಯದೇ, ಸ್ಕೌಟಾದವನು ನಂಬಿಕೆಗೆ ಅರ್ಹ ಎಂಬುದು. ಅವನು ಮಾತು ಕೊಟ್ಟನೆಂದರೆ ಮುಗಿಯಿತು, ಸಾಕ್ಷಿ ಬೇಡ, ಜಾಮೀನು ಬೇಡ. ಮೂರು ಬೆರಳೆತ್ತಿಸಿ ಹುಡುಗನಿಂದ ಪ್ರತಿಜ್ಞೆ ಮಾಡಿಸುತ್ತೇವೆ. ಕೈ ಇಳಿಸುವ ಮೊದಲೇ ಅವನಿಗೆ ನಾವು ಕೇಳುವ ಮಾತು, "ಲಾಗ್ ಬುಕ್ ಎಲ್ಲೋ? ಸಹಿ ಹಾಕಿಸಿದೀಯಾ? ಸೀಲು?" ನಂಬಿಕೆಗೆ ಅರ್ಹನಾದವನನ್ನು ಸೀಲು ಬಿದ್ದ ಮೇಲಷ್ಟೇ ನಂಬುವುದು ನಮ್ಮ ಪದ್ಧತಿ. ಇದೇನು ಸಾರ್ ಹೀಗೆ ಎಂದು ಯಾವ ಹುಡುಗನೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಅವನಿಗೊಂದು ಬ್ಯಾಡ್ಜು ಕೊಡಿಸುತ್ತಿದ್ದೆ, ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡೇ.

ಹೊರಗಿನವರಿಗೆ ಸ್ಕೌಟಿಂಗಿನ ಏಣಿಯ ಪರಿಚಯ ಇರಲಾರದು. ಹತ್ತು ವರ್ಷ ತುಂಬಿದ ಹುಡುಗ ಸ್ಕೌಟಾಗಿ, ಹುಡುಗಿ ಗೈಡಾಗಿ ಸೇರುತ್ತಾರೆ. ಮೊದಲು ಪ್ರವೇಶ. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ. ಅದರ ಮೇಲೆ ರಾಜ್ಯ ಪುರಸ್ಕಾರ, ತುದಿಯಲ್ಲಿ ರಾಷ್ಟ್ರಪತಿ ಪುರಸ್ಕಾರ. ನಡುನಡುವೆ ಅಡುಗೆ, ಸೈಕಲ್, ತೋಟಗಾರಿಕೆ, ಪ್ರಥಮ ಚಿಕಿತ್ಸೆ ಎಂದು ತೋಳಿಗೆ ಹೊಲಿಯುವ ಬ್ಯಾಡ್ಜುಗಳು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ಇಂತಿಷ್ಟು ತಿಂಗಳು ಕಾಯಲೇಬೇಕು. ಇಲ್ಲೇ ಇರುವುದು ಪೇಚು. ರೀಫ್ ನಾಟ್ ಹಾಕಲು ಜಾಣ ಹುಡುಗನಿಗೆ ಎರಡು ನಿಮಿಷ ಸಾಕು. ಆದರೆ ಅವನು ಅದನ್ನು ಯಾವತ್ತು ಹಾಕಿ ತೋರಿಸಿದ ಎಂಬುದು ಬರೆದಿಲ್ಲದಿದ್ದರೆ ಮುಂದಿನ ತಿಂಗಳುಗಳನ್ನು ಎಲ್ಲಿಂದ ಎಣಿಸುವುದು? ಗಂಟು ಬಿಗಿಯಾಗಿಯೇ ಇರುತ್ತದೆ, ಏಣಿ ಅಲ್ಲಾಡುತ್ತದೆ. ಅಷ್ಟರಲ್ಲಿ ಹುಡುಗನ ಮೀಸೆ ಚಿಗುರಿ ವಯಸ್ಸಿನ ಮಿತಿ ದಾಟಿ ಹೋಗುತ್ತದೆ.

ವಯಸ್ಸೆಂದಾಗ ಒಂದು ಮಾತು. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಕಾಲದ ಮಕ್ಕಳೆಲ್ಲ ಹುಟ್ಟಿದ್ದು ಜೂನ್ 1ರಂದು. ತಾಯಿಗೆ ಗೊತ್ತಿದ್ದದ್ದು ಕೆರೆ ಕೋಡಿ ಬಿದ್ದ ವರ್ಷವೋ, ಊರಬ್ಬದ ಮಾರನೆಯ ದಿನವೋ. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಮಗುವಿನ ಕೈಯನ್ನು ತಲೆಯ ಮೇಲಿಂದ ಬಳಸಿ ಆ ಕಡೆಯ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಜೂನ್ 1, ಮುಟ್ಟದಿದ್ದರೆ ಮುಂದಿನ ವರ್ಷದ ಜೂನ್ 1. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರ ನಡುವಿನ ಅಂತರ ಪ್ರಕೃತಿ ಒಪ್ಪದಷ್ಟು ಕಡಿಮೆಯಾಗಿದ್ದೂ ಉಂಟು. ಈಗ ಜನನ ಪ್ರಮಾಣ ಪತ್ರ ಬಂದು ಆ ಹಾಸ್ಯವೆಲ್ಲ ತೀರಿತು. ಬದಲಿಗೆ ಹೆಸರಿನ ಹಾಸ್ಯ ಶುರುವಾಗಿದೆ. ಒಬ್ಬನೇ ಮಂಜುನಾಥ ಆಧಾರ್‌ನಲ್ಲಿ ಮಂಜುನಾಥ ಎಂ., ಶಾಲೆಯ ದಾಖಲೆಯಲ್ಲಿ ಎಂ. ಮಂಜುನಾಥ್, ಸ್ಕೌಟು ಪ್ರಮಾಣ ಪತ್ರದಲ್ಲಿ ಬರೀ ಮಂಜು. ದಳದಲ್ಲಿ ಇನ್ನೂ ಇಬ್ಬರು ಮಂಜುನಾಥರಿದ್ದರಂತೂ ಅಡುಗೆ ಬ್ಯಾಡ್ಜು ಯಾರದೆಂದು ಅಡುಗೆ ಮಾಡಿಸಿಯೇ ತೀರ್ಮಾನಿಸಬೇಕು.

ಮೈಸೂರು ಸೀಮೆಗೆ ಸ್ಕೌಟಿಂಗ್ ಹೊಸದಲ್ಲ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ಸೇರಿಸಿ ಮೊದಲ ಶಿಬಿರ ಮಾಡಿದ. 1916ರಲ್ಲಿ ಆನಿ ಬೆಸೆಂಟರು ಮದ್ರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿಯೇ ಬೇರೆ ಸಂಘ ಕಟ್ಟಿದರು. ಮರುವರ್ಷವೇ ಮೈಸೂರು ಸಂಸ್ಥಾನದಲ್ಲೂ ಸ್ಕೌಟುಗಳು ಎದ್ದುನಿಂತರು. ಸ್ಕೌಟು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ಕ್ಕೆ. ಆ ದಿನವೇ ಈಗ ಧ್ವಜ ದಿನ; ಮಕ್ಕಳು ಸ್ಟಿಕ್ಕರು ಹಿಡಿದು ನಿಮ್ಮ ಮನೆ ಬಾಗಿಲಿಗೆ ಬರುವುದು ಅದಕ್ಕೇ. ದೊಡ್ಡಬಳ್ಳಾಪುರದಲ್ಲಿರುವ ರಾಜ್ಯದ ತರಬೇತಿ ಕೇಂದ್ರಕ್ಕೆ ಬೆಸೆಂಟರ ಹೆಸರೇ ಇದೆ.

ಇಷ್ಟು ಹಳೆಯ ಚಳವಳಿಯ ದಾಖಲೆ ಹೇಗೆ ಹುಟ್ಟುತ್ತದೆಂದು ತಿಳಿಯಬೇಕಾದರೆ ಪರೀಕ್ಷಾ ಶಿಬಿರದ ಹಿಂದಿನ ವಾರ ಯಾವುದೇ ಹೈಸ್ಕೂಲಿನ ಸ್ಕೌಟು ಕೋಣೆಗೆ ಹೋಗಿ ನೋಡಿ. ಎರಡು ವರ್ಷದ ಲಾಗ್ ಬುಕ್ಕು ಎರಡು ರಾತ್ರಿಯಲ್ಲಿ ತಯಾರಾಗುತ್ತಿರುತ್ತದೆ. ಒಂದೇ ಪೆನ್ನು, ಒಂದೇ ನೀಲಿ, ಒಂದೇ ವಾಕ್ಯ. ಮೂವತ್ತು ಹುಡುಗರು ಒಂದೇ ದಿನ ಒಂದೇ ಮಾತಿನಲ್ಲಿ ಪ್ರಕೃತಿಯ ಮಡಿಲಲ್ಲಿ ಆನಂದಿಸಿರುತ್ತಾರೆ. ಮೊದಲ ಪುಟದ ಅಕ್ಷರ ದುಂಡಗೆ, ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಅಕ್ಕನ ಕೈಬರಹ. ಪರೀಕ್ಷಕರೂ ಒಂದು ಕಾಲದಲ್ಲಿ ಹಾಗೇ ಬರೆದವರಾದ್ದರಿಂದ ಅವರಿಗೆ ಎಲ್ಲವೂ ಗೊತ್ತು.

"ಆಗಸ್ಟಲ್ಲಿ ಗಿಡ ನೆಟ್ಟೆ ಅಂತ ಬರೆದಿದೀಯ. ಎಲ್ಲಪ್ಪಾ?"

"ಸ್ಕೂಲ್ ಹಿಂದೆ ಸಾರ್."

"ಈಗ ಎಷ್ಟೆತ್ತರ ಇದೆ?"

"ಮೇಕೆ ತಿಂತು ಸಾರ್."

"ಮೇಕೆ ತಿಂದಿದ್ದು ಯಾಕೆ ಬರೀಲಿಲ್ಲ?"

ಹುಡುಗ ತಲೆ ಕೆರೆದುಕೊಂಡು ನಿಲ್ಲುತ್ತಾನೆ. ಮೇಕೆ ತಿಂದಿದ್ದನ್ನು ಬರೆಯಬಹುದೆಂದು ಅವನಿಗೆ ಯಾರೂ ಹೇಳಿಲ್ಲ. ನನ್ನ ಮಟ್ಟಿಗೆ ಆ ಇಡೀ ಪುಸ್ತಕದಲ್ಲಿ ನಂಬುವಂಥ ಸಾಲೆಂದರೆ ಅವನು ಬರೆಯದೆ ಬಿಟ್ಟ ಆ ಮೇಕೆಯದೇ.

ನಿಜವಾಗಿ ಬರೆದ ಲಾಗ್ ಬುಕ್ಕೂ ಇರುತ್ತದೆ, ಅಪರೂಪಕ್ಕೆ. ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೈಕು ಹೋಗದ ದಳ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಶತಶೃಂಗ ಬೆಟ್ಟಸಾಲಿನ ಆ ಬಂಡೆಗಳ ನಡುವೆ, ಕಾಶಿ ವಿಶ್ವೇಶ್ವರನ ಗುಡಿಯ ಹತ್ತಿರ, ಕಲ್ಲು ಬಸವನ ಬಾಯಿಂದ ನೀರು ಸುರಿಯುತ್ತದೆ. ಮೆಟ್ಟಿಲುದ್ದಕ್ಕೂ ಕೋತಿಗಳು. ಒಂದು ಸಲ ಅಲ್ಲಿಗೆ ಹೋಗಿ ಬಂದವರ ಮೂವತ್ತು ಪುಸ್ತಕಗಳಲ್ಲಿ ಪವಿತ್ರ ತೀರ್ಥದ ವರ್ಣನೆ ಇತ್ತು. ಒಬ್ಬಳು ಗೈಡು ಮಾತ್ರ ಹೀಗೆ ಬರೆದಿದ್ದಳು: ಉಪ್ಪಿಟ್ಟು ತಳ ಹತ್ತಿತು, ಗುಹೆಯೊಳಗೆ ನುಸುಳುವಾಗ ಮೊಣಕೈ ತರಚಿತು, ಬ್ಯಾಂಡೇಜು ಕಟ್ಟಿದ್ದು ನಾನೇ, ಬನ್ನು ಕೋತಿ ಪಾಲಾಯಿತು, ವಾಪಸು ಬರುವಾಗ ಟೀಚರು ಯಾರ ಜೊತೆಯೂ ಮಾತಾಡಲಿಲ್ಲ. ಕೆಳಗೆ ಅದೇ ದಿನದ ತಾರೀಖು, ಅದೇ ಟೀಚರ ಸಹಿ. ಅಡುಗೆ, ಹೈಕು, ಪ್ರಥಮ ಚಿಕಿತ್ಸೆ, ಮೂರಕ್ಕೂ ಪುರಾವೆ ಒಂದೇ ಪುಟದಲ್ಲಿ. ತಮ್ಮ ಮುನಿಸನ್ನೇ ದಾಖಲಿಸಿದ ಪುಟಕ್ಕೆ ಸಹಿ ಹಾಕಿದ ಆ ಟೀಚರ ಬಗ್ಗೆ ನನಗೆ ಇವತ್ತಿಗೂ ಗೌರವ.

ಬ್ಯಾಡ್ಜುಗಳ ಪಟ್ಟಿ ಓದುತ್ತಾ ಹೋದರೆ ನಮ್ಮ ತಾಲ್ಲೂಕುಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ. ದುಭಾಷಿ ಬ್ಯಾಡ್ಜು ಎಂಬುದೊಂದಿದೆ. ಮುಳಬಾಗಿಲಿನ ಮಗುವಿಗೆ ಅದನ್ನು ಪರೀಕ್ಷೆ ಮಾಡಿ ಕೊಡುವುದು ಹಾಸ್ಯಾಸ್ಪದ. ಮನೆಯಲ್ಲಿ ಅಜ್ಜಿಯ ಹತ್ತಿರ ತೆಲುಗು, ಶಾಲೆಯಲ್ಲಿ ಕನ್ನಡ, ನಂಗಲಿಯ ಬಸ್ಸಿನಲ್ಲಿ ಎರಡೂ ಒಂದೇ ವಾಕ್ಯದಲ್ಲಿ. ಅಡುಗೆ ಬ್ಯಾಡ್ಜಿಗೂ ಅಲ್ಲಿ ಕಷ್ಟವೇ, ಏಕೆಂದರೆ ಮುಳಬಾಗಿಲು ದೋಸೆ ತಿಂದು ಬೆಳೆದ ಹುಡುಗರು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಶ್ರೀನಿವಾಸಪುರದಲ್ಲಿ ತೋಟಗಾರಿಕೆಯ ಪರೀಕ್ಷಕರು ಎಚ್ಚರದಿಂದಿರಬೇಕು. ಮಾವಿನ ಕಸಿ, ಹೂ, ಪೀಚು, ಔಷಧಿಯ ವಿಷಯದಲ್ಲಿ ಪ್ರಶ್ನೆ ಕೇಳಿದವರಿಗೇ ಮಕ್ಕಳು ಪಾಠ ಹೇಳಿ ಕಳಿಸುತ್ತಾರೆ. ಮಾಲೂರಿನ ಕಥೆ ಬೇರೆ. ಊರಿನ ದಾರಿಗಳನ್ನು ತಿಳಿದು ನಕ್ಷೆ ಬರೆಯುವ ಬ್ಯಾಡ್ಜಿಗೆ ಅಲ್ಲಿನ ಹುಡುಗ ಹೆಂಚಿನ ಕಾರ್ಖಾನೆಯನ್ನು ಗುರುತು ಮಾಡಿಕೊಂಡು ನಕ್ಷೆ ಬರೆದರೆ, ಪರೀಕ್ಷೆಯ ಹೊತ್ತಿಗೆ ಅಲ್ಲೊಂದು ಲೇಔಟಿನ ಕಮಾನು ಎದ್ದಿರುತ್ತದೆ.

ಈಜಿನ ಬ್ಯಾಡ್ಜಿನ ಕಾಲಂ ಮಾತ್ರ ನಮ್ಮಲ್ಲಿ ಬಹುಕಾಲ ಖಾಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಕೆರೆಗಳಲ್ಲಿ ಜಾಲಿ ಬೆಳೆದಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆ ತುಂಬಿಸುವ ಯೋಜನೆ. ಕೆರೆಯೇನೋ ತುಂಬಿತು, ಅಂತರ್ಜಲವೂ ಏರಿತು. ಆದರೆ ಅದು ಬೆಂಗಳೂರಿನವರು ಬಳಸಿ ಬಿಟ್ಟ ಕೊಳಚೆಯನ್ನು ಸಂಸ್ಕರಿಸಿ ಕಳಿಸಿದ ನೀರು. ಅದರಲ್ಲಿ ಮಕ್ಕಳನ್ನು ಇಳಿಸಿ ಬ್ಯಾಡ್ಜು ಕೊಡುವ ಧೈರ್ಯ ನನಗಿಲ್ಲ.

ಬರೆದಿಡುವುದರಲ್ಲಿ ಈ ಸೀಮೆ ಹಿಂದುಳಿದದ್ದೇನೂ ಅಲ್ಲ. ಕುವಳಾಲಪುರದ ಒಡೆಯರೆಂದು ಹೇಳಿಕೊಳ್ಳುತ್ತಿದ್ದ ಗಂಗರ ಕಾಲದಿಂದ ಇಲ್ಲಿ ಕಲ್ಲಿನ ಮೇಲೆ ಬರೆದಿದ್ದಾರೆ. ಬಿ.ಎಲ್. ರೈಸ್ ಅವನ್ನೆಲ್ಲ ಹುಡುಕಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ 1905ರಲ್ಲಿ ಅಚ್ಚು ಮಾಡಿಸಿದರು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ವಿಂಗಡಣೆ, ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವ ನಂಬರು. ಅದರಲ್ಲಿನ ವೀರಗಲ್ಲುಗಳ ಶಾಸನ ಓದಿದರೆ ನಮ್ಮ ಅರ್ಜಿ ನಮೂನೆಯ ಕಾಲಂಗಳೇ ಕಾಣುತ್ತವೆ: ಹೆಸರು, ಯಾರ ಮಗ, ಯಾವ ಅರಸನ ಕಾಲ, ಯಾರ ದನ ಬಿಡಿಸಲು ಹೋದ, ಮನೆಯವರಿಗೆ ಕೊಟ್ಟ ಭೂಮಿ ಎಷ್ಟು. ಪಾಪ, ಆ ಬ್ಯಾಡ್ಜು ಸಿಗಬೇಕಾದರೆ ಅರ್ಜಿದಾರ ಸಾಯಬೇಕಿತ್ತು. ದಾನಶಾಸನಗಳ ಕೊನೆಗೆ, ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನೂ ಕೆತ್ತುತ್ತಿದ್ದರು. ಸ್ಕೌಟು ರಿಜಿಸ್ಟರಿನ ಮೊದಲ ಪುಟಕ್ಕೆ ಅದನ್ನು ಹಾಕಿಸಬೇಕೆಂದು ನನಗೆ ಬಹಳ ದಿನದಿಂದ ಆಸೆ. ಮೇಷ್ಟ್ರಿಗೆ ವರ್ಗವಾದಾಗ ಬೀರುವಿನ ಬೀಗದ ಕೈಯೂ ಅವರ ಜೊತೆಗೇ ಹೋಗುವುದು, ಮೂರು ವರ್ಷದ ನಂತರ ಬೀಗ ಒಡೆದಾಗ ಹಾಜರಿ ಪುಸ್ತಕದ ನಟ್ಟನಡುವೆ ಗೆದ್ದಲಿನ ಹುತ್ತ ಕಾಣುವುದು, ಇವೆಲ್ಲ ಶಾಪದಿಂದಾದರೂ ನಿಲ್ಲಬಹುದು.

ಕಾಗದಕ್ಕೆ ಇಷ್ಟೊಂದು ಬೆಲೆಯೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲೇ ಎರಡು ಉತ್ತರಗಳಿವೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಹತ್ತಿರ ಮೆಟ್ರಿಕ್ ಪಾಸಾದ ಕಾಗದ ಇರಲಿಲ್ಲ. ಅವರೇ ಬರೆದ ಪುಸ್ತಕಗಳು ಕಾಲೇಜುಗಳಲ್ಲಿ ಪಾಠವಾದವು, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತಾನಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಏಣಿಯ ಪ್ರತಿ ಮೆಟ್ಟಿಲನ್ನೂ ಕ್ರಮವಾಗಿ ಹತ್ತಿದವರು: ಮದ್ರಾಸಿನ ಎಂ.ಎ., ಮೈಸೂರು ಸಿವಿಲ್ ಸರ್ವಿಸ್, ಅಧಿಕಾರದ ಮೇಲೆ ಅಧಿಕಾರ. ಆದರೆ ಮೇಲಿನ ಹುದ್ದೆ ತಮಗಿಂತ ಕಿರಿಯರಿಗೆ ಹೋದಾಗ ರಾಜೀನಾಮೆ ಬಿಸಾಕಿ ಮನೆಗೆ ನಡೆದರು. ಅರ್ಹತೆ ಇದ್ದೂ ಬಡ್ತಿ ತಪ್ಪಿದವನ ಸಂಕಟ ಮಾಸ್ತಿಯಂಥವರನ್ನೂ ಬಿಡಲಿಲ್ಲ. ಹದಿನೈದರ ಹುಡುಗನನ್ನು, ನಿನ್ನ ದ್ವಿತೀಯ ಸೋಪಾನದ ತಾರೀಖು ಸಿಗುತ್ತಿಲ್ಲ ಮರಿ ಎಂದು ವಾಪಸು ಕಳಿಸಿದರೆ ಅವನಿಗೆ ಹೇಗಾಗಬೇಡ? ಮಾಸ್ತಿಯವರಿಗೆ ಬರೆಯಲು ಕತೆಗಳಾದರೂ ಇದ್ದವು.

ಇದು ಬರೀ ಮನಸ್ಸಿನ ಮಾತೂ ಅಲ್ಲ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ. ಸಿಇಟಿ ಪ್ರವೇಶದಲ್ಲಿ ವಿಶೇಷ ಪ್ರವರ್ಗವಿದೆ. ಅಲ್ಲಿ ಮೇಜಿನ ಆಚೆ ಕುಳಿತವರು ಗಂಟು ಹಾಕಿ ತೋರಿಸು ಅನ್ನುವುದಿಲ್ಲ, ಮೂಲ ಪ್ರಮಾಣ ಪತ್ರ ತೋರಿಸು ಅನ್ನುತ್ತಾರೆ. ನೋಂದಣಿ ಈಗ ಆನ್‌ಲೈನಿಗೆ ಬಂದಿರುವುದು ಒಳ್ಳೆಯದೇ. ಕಂಪ್ಯೂಟರಿಗೆ ಗೆದ್ದಲು ಹತ್ತುವುದಿಲ್ಲ. ಆದರೆ ಅದಕ್ಕೆ ಮೇಕೆಯೂ ಗೊತ್ತಿಲ್ಲ. ಎರಡು ರಾತ್ರಿಯಲ್ಲಿ ಬರೆದದ್ದನ್ನು ಅದು ಎರಡು ವರ್ಷದ ಶ್ರಮವೆಂದೇ ಜೋಪಾನ ಮಾಡುತ್ತದೆ.

ಅಮೆರಿಕದ ಸ್ಕೌಟುಗಳಲ್ಲಿ ಒಂದು ಪದ್ಧತಿ ಇದೆ, ನನಗೆ ಇಷ್ಟ. ಪ್ರತಿ ಬ್ಯಾಡ್ಜಿಗೂ ಒಂದು ನೀಲಿ ಕಾರ್ಡು, ಅದು ಮೂರು ತುಂಡಾಗುತ್ತದೆ. ಒಂದು ದಳಕ್ಕೆ, ಒಂದು ಪರೀಕ್ಷೆ ಮಾಡಿದವರಿಗೆ, ಒಂದು ಹುಡುಗನಿಗೆ. ತುದಿಯ ಈಗಲ್ ದರ್ಜೆಗೆ 21 ಬ್ಯಾಡ್ಜು ಬೇಕಾಗುವ ಅವರಿಗೆ ಅದು ಅನಿವಾರ್ಯವೂ ಹೌದು. ಒಬ್ಬರು ಕಳೆದರೂ ಇನ್ನಿಬ್ಬರ ಹತ್ತಿರ ಉಳಿಯುತ್ತದೆ. ನಮಗೆ ನೀಲಿ ಕಾರ್ಡು ಬೇಕಿಲ್ಲ, ಕೆಲಸ ನಡೆದ ದಿನವೇ ಬರೆಯುವ ಅಭ್ಯಾಸ ಸಾಕು. ಮಗು ತನ್ನ ಕೈಯಾರೆ ಬರೆಯಲಿ, ಕಂಡವರು ಅಲ್ಲೇ ತಾರೀಖು ಹಾಕಿ ಸಹಿ ಮಾಡಲಿ, ದಳದ ರಿಜಿಸ್ಟರಿಗೂ ಒಂದು ಸಾಲು ಏರಲಿ. ಮನೆಯಲ್ಲಿ ಹೇಗೂ ಮೊಬೈಲು ಇರುತ್ತದೆ, ಆ ಪುಟದ ಫೋಟೋ ಒಂದು ಇರಲಿ. ಹಾಗೆ ಬರೆದ ವಕ್ರ ಅಕ್ಷರದ ನಾಲ್ಕು ಸಾಲು, ಶಿಬಿರದ ಹಿಂದಿನ ರಾತ್ರಿ ಅಕ್ಕ ಬರೆದುಕೊಟ್ಟ ನಲವತ್ತು ಮುತ್ತಿನಂಥ ಪುಟಕ್ಕಿಂತ ಮೇಲು.

ಆದ್ದರಿಂದ ತಂದೆತಾಯಿಯರಲ್ಲಿ ಒಂದು ವಿನಂತಿ. ಈ ವಾರ ಮಗು ಸ್ಕಾರ್ಫು ಕಟ್ಟಿಕೊಂಡು ಮನೆಗೆ ಬಂದಾಗ ಲಾಗ್ ಬುಕ್ ಇಸಿದುಕೊಂಡು ಕೊನೆಯ ಪುಟ ನೋಡಿ. ತಾರೀಖೂ ಸಹಿಯೂ ಇಲ್ಲದಿದ್ದರೆ ಸೋಮವಾರ ಬೆಳಗ್ಗೆಯೇ ಸಾರ್ ಹತ್ತಿರ ಕಳಿಸಿ. ಬೈದರೆ ಬೈಸಿಕೊಳ್ಳಲಿ, ಸಹಿ ಮಾತ್ರ ತರಲಿ.